ನಂಬರಿಲ್ಲದ ಬೆದರುಬೊಂಬೆ

ಮಂಗಫ್, ಕುವೈತ್
೨ ಮಾರ್ಚ್ ೧೯೯೯, ಮಂಗಳವಾರ

ಸಕಲ ಪ್ರಶ್ನಾಸಾಮ್ರಾಜ್ಯದ ಚಕ್ರವರ್ತಿನಿ, ಸುಳ್ಳುಗಾರರ ಕುಲಕ್ಕೇ ಕೊಡಲಿ, ಹಾಲು ಕುಡಿದ ಬೆಕ್ಕನ್ನೂ ಬೆಲ್ಲ ಕದ್ದ ಮಗನನ್ನೂ ಬರೀ ಮುಖ ನೋಡಿ ಹಿಡಿದು ನಿಲ್ಲಿಸುವ ತ್ರಿಕಾಲಜ್ಞಾನಿ, ಯಾರ ಹೆಸರು ಕೇಳಿದರೆ ಎಲೆ-ತಂಬಾಕು ತೂಗಿ ಕೊಡುವ ಬೀಡಿ ಬ್ರಾಂಚಿನ ತಕ್ಕಡಿ ತಾನಾಗಿಯೇ ಸರಿಯಾಗಿ ತೂಗುವುದೋ ಅಂಥ ಮಹಾಮಾತೆ ಶ್ರೀಮತಿ ಅಪ್ಪಿ ರೋಹಿದಾಸ ಅವರ ದಿವ್ಯ ಸನ್ನಿಧಾನಕ್ಕೆ, ಮರುಭೂಮಿಯಲ್ಲಿ ಬಿದ್ದಿರುವ ಏಕೈಕ ಪುತ್ರರತ್ನ ಅಖಿಲನು ಸಾಷ್ಟಾಂಗ ಎರಗಿ, ಮೂಗಿಗೆ ಮರಳು ಹೊಕ್ಕು, ಎರಡು ಸಲ ಸೀನಿ, ಎದ್ದು ಕೂತು ಮಾಡುವ ಬಿನ್ನಹ.

ಅಮ್ಮಾ, ಹೇಗಿದ್ದೀ? ಬಿಪಿ ಮಾತ್ರೆ ನುಂಗುತ್ತಿದ್ದೀಯೋ, ಅಥವಾ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿ ದೇವರಿಗೇ ವಹಿಸಿದ್ದೀಯೋ? ಅಜ್ಜಿಯ ಮಂಡಿಗೆ ಕಳೆದ ಸಲ ಕಳಿಸಿದ ಮುಲಾಮು ಹಿಡಿಸಿತೇ? ತಂಗಿ ಶರಣ್ಯಾಳಿಗೆ ಪರೀಕ್ಷೆ ಹತ್ತಿರ ಬಂತು, ಅವಳ ಟಿ.ವಿ.ಯ ಮೇಲೆ ಕಂಬಳಿ ಹೊದೆಸು. ನಿನ್ನ ಹೋದ ಕಾಗದದಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ಹತ್ತಕ್ಕೆ ಒಟ್ಟಿಗೆ ಉತ್ತರ: ಹೌದು, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ಹನ್ನೊಂದನೆಯದಕ್ಕೆ ಮಾತ್ರ ಹಾಗೆ ಉತ್ತರ ಕೊಡಲಾಗುವುದಿಲ್ಲ. ಅಪ್ಪನ ಕಾಗದ ಯಾಕೆ ಮೂರು ಸಾಲಿಗೆ ಇಳಿಯಿತು, ನೀನು ಅವರ ಜೊತೆಯಲ್ಲೇ ಇದ್ದೀಯಲ್ಲ, ಅವರ ಮುಖ ನೋಡಿ ನಿಜ ಹೇಳು ಎಂದು ಕೇಳಿದ್ದೀ. ಹೇಳುತ್ತೇನೆ. ಆದರೆ ಅದಕ್ಕೆ ಬೆದರುಬೊಂಬೆಗಳ ಹಬ್ಬದ ದಾರಿಯಲ್ಲೇ ಹೋಗಬೇಕು, ನೀನು ನಡುವೆ ಪ್ರಶ್ನೆ ಕೇಳದೆ ನನ್ನ ಹಿಂದೆ ಬರಬೇಕು. ಅಪ್ಪ ಈ ಹದಿನಾಲ್ಕಕ್ಕೆ ಊರಿಗೆ ಬರುತ್ತಾರೆ. ಅದಕ್ಕೆ ಮೊದಲು ಇದು ನಿನ್ನ ಕೈಸೇರಲೆಂದು ಇವತ್ತು ಊರಿಗೆ ಹೊರಟಿರುವ ದೇಜಪ್ಪಣ್ಣನ ಕೈಯಲ್ಲಿ ಕೊಡುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕು.

ಕುವೈತಿನಲ್ಲಿ ಹಳ್ಳಿ ಎಂದರೆ ವಫ್ರಾ. ತೆಂಕಣ ತುದಿಯಲ್ಲಿ, ಮರಳು ನೋಡಿ ನೋಡಿ ಕಣ್ಣು ಬತ್ತಿದ ಹೊತ್ತಿಗೆ ಒಮ್ಮೆಗೇ ಟೊಮೆಟೊ, ಸೌತೆ, ಬದನೆ. ಅಲ್ಲಿನ ಒಂದು ತೋಟದ ಅರಬಿ ಯಜಮಾನ ವರ್ಷಕ್ಕೊಂದು ಶುಕ್ರವಾರ ತನ್ನ ಗೇಟು ತೆರೆದು ಬೆದರುಬೊಂಬೆಗಳ ಹಬ್ಬ ಮಾಡಿಸುತ್ತಾನೆ. ತೋಟದಾಳುಗಳು ಊರಿಗೊಂದು ಗುಂಪು ಕಟ್ಟಿಕೊಂಡು ಬೊಂಬೆ ಮಾಡಿ ಸಾಲಾಗಿ ನಿಲ್ಲಿಸುತ್ತಾರೆ, ಪ್ರತಿ ಬೊಂಬೆಯ ಕೊರಳಿಗೆ ನಂಬರಿನ ಹಲಗೆ. ನೋಡಲು ಬಂದವರಿಗೆ ಗೇಟಿನಲ್ಲಿ ತಲೆಗೊಂದು ಟೊಮೆಟೊ ಕೊಡುತ್ತಾರೆ. ಮೆಚ್ಚಿದ ಬೊಂಬೆಯ ಕಾಲಬುಡದಲ್ಲಿ ಅದನ್ನಿಟ್ಟರೆ ಅದೇ ಓಟು. ಕಳೆದ ಶುಕ್ರವಾರ ನಾನು, ನಮ್ಮ ಕಾರ್ಗೋ ಅಂಗಡಿಯ ಸವಾದ್ ಮತ್ತು ನಿಸಾರ್, ಸವಾದನ ಮಾವನ ಪಿಕಪ್ಪಿನಲ್ಲಿ ಹೋದೆವು. ಅಪ್ಪನನ್ನೂ ಕರೆದಿದ್ದೆ. ಪ್ಲಾಂಟಿನಲ್ಲಿ ಓವರ್‌ಟೈಮ್ ಇದೆ ಎಂದು ಎಂದಿನಂತೆ ನಸುಕಿಗೇ ನೀಲಿ ಕವರಾಲ್ ಹಾಕಿಕೊಂಡು ಹೊರಟಿದ್ದರು. ದಾರಿಯಲ್ಲಿ ಸವಾದ್ ತನ್ನ ಮಾವನಿಗೆ ಜಹ್ರಾದಲ್ಲಿ ಎರಡು ಅಂಗಡಿ ಎಂದು ಕೊಚ್ಚಿಕೊಂಡ. ನಾನು ಬಿಡುತ್ತೇನೆಯೇ? ನಮ್ಮಪ್ಪ ರಿಫೈನರಿಯಲ್ಲಿ ಫೋರ್‌ಮ್ಯಾನ್, ಅವರು ಸೀನಿದರೆ ನಲವತ್ತು ಜನ ವಾಲ್ವ್ ಮುಚ್ಚುತ್ತಾರೆ ಎಂದೆ.

ಬೊಂಬೆಗಳನ್ನು ನೀನು ನೋಡಬೇಕಿತ್ತು. ಈಜಿಪ್ಟಿನವರದ್ದಕ್ಕೆ ಉದ್ದ ನಿಲುವಂಗಿ, ಏಳು ತಿಂಗಳ ಹೊಟ್ಟೆ, ಪೊರಕೆಯ ಮೀಸೆ. ಮಲಯಾಳಿಗಳದ್ದು ಮುಂಡು ಮಡಚಿ ಕಟ್ಟಿ, ಕಂಕುಳಲ್ಲಿ ಪೇಪರ್ ಇಟ್ಟುಕೊಂಡು ಈಗಲೇ ವಾದಕ್ಕೆ ಬರುವಂತಿತ್ತು. ಬಂಗಾಳಿಗಳು ಕೋಟು, ಟೈ ಹಾಕಿಸಿ ಕೈಗೆ ಫೈಲು ಕೊಟ್ಟು ಒಬ್ಬ ಮುದೀರನನ್ನು, ಅಂದರೆ ಮ್ಯಾನೇಜರನನ್ನು ನಿಲ್ಲಿಸಿದ್ದರು. ಹಾದುಹೋಗುವ ಆಳುಗಳೆಲ್ಲ ಅವನಿಗೆ ಸಲಾಂ ಹೊಡೆದು ನಗುತ್ತಿದ್ದರು. "ಹಕ್ಕಿಗಳ ವಿಷಯ ಗೊತ್ತಿಲ್ಲ ಮಾರಾಯ, ನನಗಂತೂ ಹೆದರಿಕೆ ಆಯಿತು, ರಜೆ ಕ್ಯಾನ್ಸಲ್ ಮಾಡುವ ಮುಖ ಇದು" ಎಂದ ನಿಸಾರ್. ಹೀಗೆ ನಗುತ್ತಾ ಹದಿನಾರನೇ ಬೊಂಬೆಯನ್ನು ದಾಟಿದೆವು. ಅಲ್ಲಿಗೆ ಸಾಲು ಮುಗಿಯಬೇಕಿತ್ತು. ಆದರೆ ಇಪ್ಪತ್ತು ಹೆಜ್ಜೆ ಆಚೆ, ಟೊಮೆಟೊ ಗಿಡಗಳ ನಡುವೆ ಇನ್ನೊಂದು ನಿಂತಿತ್ತು. ಹುಲ್ಲಿನ ಟೋಪಿ, ಮೂಗಿನವರೆಗೆ ಸುತ್ತಿದ ಚೌಕಳಿ ಬಟ್ಟೆ, ಮಾಸಿದ ನೀಲಿ ಕವರಾಲ್, ಅಗಲಿಸಿ ಚಾಚಿದ ಕೈಗಳು. ಕೊರಳಲ್ಲಿ ನಂಬರಿಲ್ಲ. ಸವಾದನಿಗೆ ಖುಷಿಯೋ ಖುಷಿ. "ಎಂತ ಬೊಂಬೆ ಮಾರಾಯ, ಜೀವ ಉಂಟು ಇದಕ್ಕೆ! ಮಾಡಿದವನಿಗೆ ಅಳತೆ ಮಾತ್ರ ಗೊತ್ತಿಲ್ಲ, ನೋಡು, ಬಲಗೈ ಒಂದು ಗೇಣು ಕೆಳಗೆ."

ಅಮ್ಮಾ, ಬಲಗೈ ಭುಜದ ಮಟ್ಟಕ್ಕೆ ಏಳದವರು ನಮ್ಮ ಮನೆಯಲ್ಲಿ ಯಾರೆಂದು ನಿನಗೆ ಗೊತ್ತು. ಮೂರು ವರ್ಷದ ಹಿಂದೆ ಏಣಿಯಿಂದ ಬಿದ್ದಾಗ ಎಣ್ಣೆ ಹಾಕಿ ತಿಕ್ಕಿದವಳು ನೀನೇ. ಎಡ ಮೊಣಕೈಯಲ್ಲಿ ಹೊಲಿಗೆಯೂ ಇತ್ತು. ಹೋದ ರಜೆಯಲ್ಲಿ ನೀಲಿ ನೂಲು ಮುಗಿದಿದೆ ಎಂದು ನೀನು ಕಂದು ನೂಲಲ್ಲಿ ಹಾಕಿದ್ದೆಯಲ್ಲ, ಅದೇ. ಎದೆಯ ಮೇಲಿನ ಕಂಪೆನಿಯ ಬ್ಯಾಡ್ಜನ್ನು ಬಿಚ್ಚಿದ್ದರು. ಬಿಚ್ಚಿದ ಚೌಕದಷ್ಟು ಬಟ್ಟೆ ಹೊಸದರಂತೆ ಕಡುನೀಲಿಯಾಗಿ ಉಳಿದಿತ್ತು. ನಾವು ಬರುವುದನ್ನು ಕಂಡಿರಬೇಕು. ಬಯಲಲ್ಲಿ ಓಡಿ ಅಡಗಲು ಒಂದು ಮರವೂ ಇಲ್ಲ. ಹಾಗಾಗಿ ಕೈ ಚಾಚಿ ಕಣ್ಣು ಮುಚ್ಚಿ ನಿಂತುಬಿಟ್ಟಿದ್ದಾರೆ. ಹುಬ್ಬಿನ ಮೇಲೆ ಒಂದು ನೊಣ ಕೂತಿತ್ತು, ಅದನ್ನೂ ಓಡಿಸಲಿಲ್ಲ.

ಸವಾದ್ ಕೋಲು ಹುಡುಕಿದ, ಟೋಪಿ ಎತ್ತಿ ನೋಡಲು. ನಾನು ಅವನಿಗೂ ಅಪ್ಪನಿಗೂ ನಡುವೆ ಜಿಗಿದು, ಎದೆಗೆ ಕೈಯಿಟ್ಟು ಘನಗಂಭೀರ ಭಾಷಣ ಶುರುಮಾಡಿದೆ: "ಮಹಾಜನಗಳೇ, ನಿಲ್ಲಿ! ಇದು ಬರೀ ಬೊಂಬೆಯಲ್ಲ, ಸಮಸ್ತ ಗುಬ್ಬಚ್ಚಿಗಳ ಕಫೀಲ್, ವೀಸಾ ಕೊಟ್ಟ ಧಣಿ. ಮುಟ್ಟಿದವರ ಇಕಾಮಾ ಅಲ್ಲಿಯೇ ಖಲಾಸ್, ದೇಶ ಬಿಟ್ಟು ಓಡಬೇಕು!" ಇಬ್ಬರೂ ಹೊಟ್ಟೆ ಹಿಡಿದು ನಕ್ಕರು, ಕೋಲು ಬಿತ್ತು. ಅಪ್ಪನ ಮಾನ ಉಳಿಸಲು ನನಗೆ ಆ ಗಳಿಗೆಯಲ್ಲಿ ಹೊಳೆದ ಒಂದೇ ಉಪಾಯ ಅದು. ಆಮೇಲೆ ಬಗ್ಗಿ, ನನ್ನ ಟೊಮೆಟೊವನ್ನು ಅವರ ಬೂಟಿನ ಬಳಿ ಇಟ್ಟೆ. ಗೆಳೆಯರಿಗೆ ಅದು ಓಟಿನಂತೆ ಕಂಡಿರಬೇಕು. ನಾನು ಅಪ್ಪನ ಕಾಲು ಮುಟ್ಟಿದೆ.

ಮರುದಿನ ದೇಜಪ್ಪಣ್ಣನನ್ನು ಹಿಡಿದು ಕೇಳಿದೆ. ಹದಿನೈದು ವರ್ಷ ಅಪ್ಪನ ಜೊತೆ ಒಂದೇ ಬಸ್ಸಿನಲ್ಲಿ ಹೋದವರು, ತಲೆ ತಗ್ಗಿಸಿದರು. "ಅಕ್ಟೋಬರಿನಲ್ಲೇ ಖಲಾಸ್ ಆಯಿತು ಮಗಾ. ಕಾಂಟ್ರಾಕ್ಟ್ ಮುಗಿಯಿತು ಅಂತ ನಲವತ್ತು ಜನರನ್ನು ತೆಗೆದರು. ಹೆಂಡತಿಗೂ ಮಗನಿಗೂ ಹೇಳಬಾರದು ಅಂತ ನನ್ನಿಂದ ಆಣೆ ಹಾಕಿಸಿದ್ದಾರೆ ನಿನ್ನಪ್ಪ" ಎಂದರು. ಅಂದರೆ ಅಮ್ಮಾ, ಐದು ತಿಂಗಳಿಂದ ಅಪ್ಪ ಅದೇ ಹೊತ್ತಿಗೆ ಎದ್ದು, ಅದೇ ಬಟ್ಟೆ ಹಾಕಿ, ಅದೇ ಟಿಫಿನ್ ಹಿಡಿದು, ಬಸ್ ನಿಲ್ಲುವ ಮೂಲೆಯವರೆಗೆ ನಡೆದು, ಅಲ್ಲಿಂದ ಹಿಂದಿನ ಬೀದಿಗೆ ತಿರುಗಿ ತೋಟದ ಲಾರಿ ಹತ್ತುತ್ತಿದ್ದರು. ಬೇರೆ ಕಂಪೆನಿ ಹುಡುಕಿದರಂತೆ. ಐವತ್ತೆರಡು ವಯಸ್ಸಿನ, ಕೈ ಏಳದ ಮನುಷ್ಯನನ್ನು ಯಾರು ತೆಗೆದುಕೊಳ್ಳುತ್ತಾರೆ? ಈ ತಿಂಗಳ ಕೊನೆಗೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿಯುತ್ತದೆ. ನನಗೆ ಅನುಮಾನ ಬರಬೇಕಿತ್ತು. ಮೊದಲು ಗ್ರೀಸಿನ ವಾಸನೆ ಹೊತ್ತು ಬರುತ್ತಿದ್ದವರ ಬೆರಳುಗಳು ಟೊಮೆಟೊ ಎಲೆಯ ಕಲೆ ಹಿಡಿದು ಹಸಿರುಗಪ್ಪಾಗಿದ್ದವು. ದಿನ ಬಿಟ್ಟು ದಿನ ಸೌತೆಕಾಯಿ ತರುತ್ತಿದ್ದರು, ಯಾರೋ ಗೆಳೆಯ ಕೊಟ್ಟ ಎನ್ನುತ್ತಿದ್ದರು. "ಏನಪ್ಪಾ, ಈಗ ರಿಫೈನರಿಯಲ್ಲಿ ಸೌತೆಕಾಯಿ ಶುದ್ಧ ಮಾಡುತ್ತಾರಾ?" ಎಂದು ನಾನು ಒಂದು ಸಲ ಅಲ್ಲ, ಹತ್ತು ಸಲ ತಮಾಷೆ ಮಾಡಿದ್ದೇನೆ. ಹತ್ತು ಸಲವೂ ಅಪ್ಪ ನಕ್ಕಿದ್ದಾರೆ.

ಹಬ್ಬದ ದಿನ ಸಂಜೆಯೂ ಎರಡು ಸೌತೆಕಾಯಿ ತಂದರು. ಹೆಚ್ಚಿ, ಉಪ್ಪು ಹಾಕಿ ನನ್ನ ಮುಂದಿಟ್ಟರು. "ಹಬ್ಬ ಹೇಗಿತ್ತು?" ಎಂದರು. ಚೆನ್ನಾಗಿತ್ತು, ಈಜಿಪ್ಟಿನವರಿಗೆ ಪ್ರೈಸ್ ಬಂತು ಎಂದೆ. "ನಿನ್ನ ಟೊಮೆಟೊ ಯಾರಿಗೆ ಇಟ್ಟೆ?" ಎಂದರು. ಒಂದು ನೀಲಿ ಬಟ್ಟೆಯ ಬೊಂಬೆ ಇತ್ತು, ಅದಕ್ಕೆ ಎಂದೆ. ಅಪ್ಪ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. "ಒಳ್ಳೆದಾಯ್ತು ಮಗಾ" ಎಂದರು. ಆಮೇಲೆ, ವಾಲ್ವ್ ತಿರುಗಿಸಿ ತಿರುಗಿಸಿ ಭುಜ ನೋಯುತ್ತಿದೆ ಎಂದು ಮುಲಾಮಿನ ಡಬ್ಬಿ ತಂದು ನನ್ನ ಕೈಗೆ ಕೊಟ್ಟು ಬೆನ್ನು ತಿರುಗಿಸಿ ಕೂತರು. ತಿಕ್ಕಿದೆ. ಯಾವ ವಾಲ್ವ್ ಎಂದು ಕೇಳಲಿಲ್ಲ. ಕೇಳದಿರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ, ನಿನಗೆ ಇನ್ನೂ ಕಷ್ಟ.

ಅದಕ್ಕೇ ಈ ಬಿನ್ನಹ. ಅಪ್ಪ ಬಂದು ಚಹಾ ಕುಡಿದು, ರಿಫೈನರಿ ಬೇಸರ ಬಂತು, ನಾನೇ ಬಿಟ್ಟು ಬಂದೆ ಎನ್ನುತ್ತಾರೆ. ನಂಬು. ಐದು ತಿಂಗಳು ಏನು ಮಾಡಿದಿರಿ, ಬೆರಳು ಯಾಕೆ ಹೀಗಾಯಿತು, ಬ್ಯಾಡ್ಜ್ ಎಲ್ಲಿ ಹೋಯಿತು ಎಂದು ಕೇಳಬೇಡ. ಒಳ್ಳೆಯದು ಮಾಡಿದಿರಿ, ಇಷ್ಟು ವರ್ಷ ದುಡಿದದ್ದು ಸಾಕು ಎಂದು ಹೇಳು. ಆಚೆಮನೆಯವರು ಕೇಳಿದರೆ ರಾಜೀನಾಮೆ ಎಂದೇ ಹೇಳು. ಆ ನೀಲಿ ಕವರಾಲನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡು ಬರುತ್ತಾರೆ, ಬಿಸಾಡುವವರಲ್ಲ. ನೀನು ಅದನ್ನು ಒಗೆದು ಒಣಗಿಸಿ ಮಡಚಿಡು. ಗದ್ದೆಯ ಬೊಂಬೆಗೆ ಮಾತ್ರ ಹಾಕಬೇಡ. ಅಜ್ಜಿಗೆ ನಮಸ್ಕಾರ, ಶರಣ್ಯಾಳ ತಲೆಗೆ ನನ್ನ ಪರವಾಗಿ ಒಂದು ಮೊಟಕು. ನನ್ನ ಚಿಂತೆ ಬೇಡ, ಅಪ್ಪ ಹೊರಟ ಮೇಲೆ ಸವಾದನ ರೂಮಿಗೆ ಹೋಗುತ್ತೇನೆ.

ನಿನ್ನ ಪಾದದ ಧೂಳಿಗೆ ಹಕ್ಕುದಾರ,
ಅಖಿಲ್

ತಾ.ಕ.: ದೇಜಪ್ಪಣ್ಣ ಬಾಗಿಲಲ್ಲಿ ನಿಂತು ಯಲ್ಲಾ ಯಲ್ಲಾ, ಬೇಗ ಬೇಗ ಎನ್ನುತ್ತಿದ್ದಾರೆ. ನನ್ನ ಸುಳ್ಳನ್ನು ನೀನು ಹೇಗೂ ಹಿಡಿಯುತ್ತೀ, ನಾನೇ ಹೇಳಿಬಿಡುತ್ತೇನೆ. ಅಪ್ಪನ ಮಾನ ಉಳಿಸಲು ಭಾಷಣ ಮಾಡಿದೆ ಎಂದು ಬರೆದದ್ದು ಸುಳ್ಳು. ಪಿಕಪ್ಪಿನಲ್ಲಿ ಫೋರ್‌ಮ್ಯಾನ್ ಎಂದು ಹೇಳಿ ಒಂದು ಗಂಟೆ ಆಗಿರಲಿಲ್ಲ, ಸವಾದನ ಮುಂದೆ ನನಗೆ ನಾಚಿಕೆಯಾಯಿತು, ಅಷ್ಟೇ. ಟೊಮೆಟೊವನ್ನೂ ಅಪ್ಪನ ಕಾಲಬುಡದಲ್ಲಿ ಇಡಲಿಲ್ಲ. ಹಿಂದೆ ಹೋಗಿ ಕೋಟಿನ ಮುದೀರನಿಗೆ ಇಟ್ಟೆ. ತನ್ನ ಕಾಲಬುಡ ಖಾಲಿ ಇದ್ದದ್ದು ಅಪ್ಪನಿಗೆ ಗೊತ್ತಿತ್ತು ಅಮ್ಮಾ. ಆದರೂ ಒಳ್ಳೆದಾಯ್ತು ಮಗಾ ಅಂದರು.