ಏಳನೆಯದರ ಸಕ್ಕರೆ

ಜುಲೈ ೮, ಮಂಗಳವಾರ

ರಕ್ತಕ್ಕೆ ಮತ್ತೆ ಏಳನೇ ನಂಬರಿನ ಇಲಿಯ ಬಾಲವೇ. ಮೆಡಿಕಲ್ ಶಾಪಿನ ಸಕ್ಕರೆ ಮೀಟರ್ ಮನುಷ್ಯರಿಗೆಂದು ಮಾಡಿದ್ದು, ದೊಡ್ಡ ಹನಿ ಕೇಳುತ್ತದೆ. ಇಲಿಗಳಿಗೆಂದೇ ಬಂದ ಸ್ಯಾಂಪಲ್ ಮೀಟರಿಗೆ ಸೂಜಿಮೊನೆಯಷ್ಟು ಸಾಕು. ಲ್ಯಾಬಿಗೆ ಯಾವುದು ಅಂತ ಶುಕ್ರವಾರ ತೀರ್ಮಾನ. ಲ್ಯಾಬಿನ ದೊಡ್ಡ ಮೆಷಿನ್ನಿನ ಅಂಕಿಗೆ ಹತ್ತಿರ ಬಂದದ್ದನ್ನೇ ಕೊಳ್ಳುವುದು.

"ಉಪವಾಸದಲ್ಲಿ ಸಕ್ಕರೆ ಇನ್ನೂರೈವತ್ತು ದಾಟದ ಇಲಿ ಡಯಾಬಿಟಿಸ್ ಸ್ಟಡಿಗೆ ಬೇಡ, ಸುಕನ್ಯ," ಎಂದರು ಲ್ಯಾಬಿನ ಮುಖ್ಯಸ್ಥ ವೇಣುಗೋಪಾಲ್ ಸರ್. ಬೇಡ ಅಂದರೆ ಕೊಂದು ಮುಗಿಸಿಬಿಡುವುದು. ಏಳನೆಯದು ಗಡಿಯಲ್ಲೇ ಇದೆ. ನನ್ನ ಬೆರಳು ತಬ್ಬಿಕೊಂಡು ನಿದ್ದೆಹೋಗುತ್ತದೆ, ಹಾಳಾದ್ದು.

ಜುಲೈ ೧೦, ಸಂಜೆ

ಬಂಗಾರಪೇಟೆಯಿಂದ ರೈಲಿನುದ್ದಕ್ಕೂ ತೂಕಡಿಕೆ. ನಮ್ಮ ಸ್ಟೇಷನ್ ಉರಿಗಾಂ ಬಂದದ್ದೇ ತಿಳಿಯಲಿಲ್ಲ. ಮಾವ ಉಣ್ಣುವ ಮೊದಲು ಗೋಡೆಯ ಬುಡಕ್ಕೆ ಚಿಟಿಕೆ ಅನ್ನ ಇಟ್ಟರು. ಅವರು ದುಡಿದ ಚಿನ್ನದ ಗಣಿ ಮುಚ್ಚಿ ಯಾವ ಕಾಲವಾಯಿತು…

"ಕೆಳಗೆ ಇಲಿಗಿಕ್ದೆ ನಾವು ಉಣ್ತಿರ್ಲಿಲ್ಲ ಕಣಮ್ಮ. ಬಂಡೆ ಬೀಳೋದು ಮೊದ್ಲು ಅವಕ್ಕೇ ತಿಳೀತಿತ್ತು."

ಈ ಅಭ್ಯಾಸ ನನಗೂ ಅಂಟಿದೆ.

ಜುಲೈ ೧೧, ಬೆಳಗಿನ ಜಾವ

ಕನಸು. ಚಾಂಪಿಯನ್ ರೀಫ್ಸ್ ಗಣಿಯೊಳಗೆ ನಿಧಾನವಾಗಿ ಇಳಿಯುತ್ತಿದ್ದೇನೆ. ಮಡಿಲಲ್ಲಿ ಏಳನೆಯದು. ಅಷ್ಟು ಆಳದಲ್ಲೂ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬ, ಅದರ ಮೇಲೆ ಬೆಳದಿಂಗಳು. ಇಬ್ಬರಿಗೂ ಭಯವಿರಲಿಲ್ಲ.

ಅದೇ ದಿನ, ಸಂಜೆ

ಏಳನೆಯದಕ್ಕೆ ಮೆಡಿಕಲ್ ಮೀಟರ್ ೨೩೧. ಇಲಿ ಮೀಟರ್ ೨೬೨. ದೊಡ್ಡ ಮೆಷಿನ್ ೨೬೫. ಉಳಿದವಕ್ಕೂ ಹೀಗೇ. ಇಲಿ ಮೀಟರೇ ಆಗಲಿ ಸರ್, ಅಂದೆ. ಏಳನೆಯದು ಉಳಿಯಿತು… ತೇಲಿದಂತಾಯಿತು.

"ಎಲ್ಲ ಉಪವಾಸ ತಾನೇ?" ಸರ್ ಕೇಳಿದರು.

ಆಗ ನೆನಪಾಯಿತು. ಬೆಳಿಗ್ಗೆ ರಕ್ತ ತೆಗೆಯುವ ಮೊದಲು ವರಾಂಡದಲ್ಲಿ ಊಟದ ಡಬ್ಬಿ ಬಿಚ್ಚಿದ್ದು. ಮೊದಲ ಚಿಟಿಕೆ ಅನ್ನ ಎತ್ತಿಕೊಂಡು ಒಳಗೆ ಹೋದದ್ದು. ಕೈ ತಾನಾಗಿಯೇ ಏಳನೆಯದರ ಪಂಜರಕ್ಕೆ ಹಾಕಿತ್ತು. ಹೇಳಿಬಿಟ್ಟೆ. ಸರ್ ಬೈಯಲಿಲ್ಲ.

"ಮೀಟರ್ ಇದೇ ಇರಲಿ. ಏಳನೇದನ್ನ ಸೋಮವಾರ ಮತ್ತೆ ನೋಡಿ."

ಜುಲೈ ೧೪, ಸೋಮವಾರ

ಡಬ್ಬಿ ಮನೆಯಲ್ಲೇ ಬಿಟ್ಟು ಹೋದೆ. ಸೂಜಿಮೊನೆಯಷ್ಟು ರಕ್ತ. ದಿನಾ ಮಾವನ ಸಕ್ಕರೆ ಇಳಿಯಲಿ ಅಂತ ಬೇಡುವವಳು, ಇವತ್ತು ಏರಲಿ ಅಂತ ಬೇಡಿಕೊಂಡೆ.

೨೧೮.

ಒಳ್ಳೆಯ ಮೀಟರ್. ನಾನೇ ಆರಿಸಿದ್ದು. ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟೆ.

ಮನೆಗೆ ಬಂದಾಗ ಮಾವ ಗೋಡೆಯ ಬಳಿ ಬಗ್ಗುತ್ತಿದ್ದರು.

"ಕೊಡಿ ಮಾವ, ಇವತ್ತು ನಾನು ಇಕ್ತೀನಿ."

"ಯಾಕಮ್ಮ?"

"ಲ್ಯಾಬಲ್ಲಿ ಏಳನೇ ಇಲೀನ ನಾಳೆ ಮುಗಿಸ್ತಾರೆ."