ತೀರ್ಥ ಕುಡಿದ ಬ್ಯಾಟರಿ

ನ್ಯಾಮತಿ
೧೮-೧೧-೧೯೮೪

ಡಿಯರ್ ಪಪ್ಪಾ,

ನಾನಿಲ್ಲಿ ತುಂಬಾ ತುಂಬಾ ಸುಖವಾಗಿದ್ದೇನೆ! ಇವರು ಬಂಗಾರದಂಥವರು, ಅತ್ತೆಯೂ ಅಷ್ಟೇ. ನೀವು ಮದುವೆಗೆ ಕೊಡಿಸಿದ ಮೋಟಾರ್ ಸೈಕಲ್ ಮಾತ್ರ ಸ್ಟಾರ್ಟ್ ಆಗುತ್ತಿಲ್ಲ. ದಿನಾ ಬೆಳಿಗ್ಗೆ ನಾನೇ ಹಿಂದಿನಿಂದ ತಳ್ಳುತ್ತೇನೆ, ಬೀದಿಯವರೆಲ್ಲ ನಗುತ್ತಾರೆ.

ಬ್ಯಾಟರಿ ಬಾಳಿಕೆ ಬರಬೇಕಾದರೆ ಶುದ್ಧ ನೀರು ಹಾಕಬೇಕೆಂದು ಮೆಕ್ಯಾನಿಕ್ ಖಲಂದರ್ ಹೇಳಿದ್ದನ್ನು ಅತ್ತೆ ಕೇಳಿಸಿಕೊಂಡರು. ಅಂದಿನಿಂದ ಇವರಿಗೆ ಗೊತ್ತಾಗದಂತೆ ಮುಚ್ಚಳ ಬಿಚ್ಚಿ ಲಿಂಗಪೂಜೆಯ ತೀರ್ಥ ಹಾಕುತ್ತಿದ್ದಾರೆ! ಅಂಗಡಿಯ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು, ಬೇರೆ ನೀರಿಗೆ ಬ್ಯಾಟರಿ ಕೆಡುತ್ತದೆ ಎಂದು ಅವರಿಗೆ ಹೇಳಿದೆ.

“ಬಾಟ್ಲಿ ನೀರು ಯಾರು ಮುಟ್ಟಿದ್ದೋ ಏನೋ! ನನ್ನ ಲಿಂಗಪ್ಪನ ನೀರಿಗಿಂತ ಶುದ್ಧ ಯಾವುದೈತೆ? ಮಗ ದಿನಾ ಹೊನ್ನಾಳಿಗೆ ಹೋಗಿ ಬರಾಕೆ ಅದೇ ಕಾವಲು ಕಣವ್ವ. ಅವನಿಗೆ ಹೇಳಬ್ಯಾಡ,” ಎಂದು ನನ್ನ ಕೈ ಹಿಡಿದುಕೊಂಡರು. ಗಾಡಿ ಕೆಟ್ಟಷ್ಟೂ ತೀರ್ಥ ಜಾಸ್ತಿಯಾಗುತ್ತಿದೆ.

ನೀವು ಹಳೇ ಬ್ಯಾಟರಿ ಹಾಕಿಸಿ ಕೊಟ್ಟಿರೆಂದು ಇವರಿಗೆ ಸಿಟ್ಟು. ಅದನ್ನು ಕೇಳಲು ಮುಂದಿನ ಭಾನುವಾರ ಚನ್ನಗಿರಿಗೆ ಬರುತ್ತಾರೆ. ನಾನು ಯಾರ ಪರ ಮಾತಾಡಲಿ ಪಪ್ಪಾ? “ನನಗೆ ನೋಡಿ ತರಲು ತಿಳಿಯಲಿಲ್ಲ ಅಳಿಯಂದಿರೇ” ಎಂದುಬಿಡಿ, ಪ್ಲೀಸ್. ಹೊಸದು ಕೊಡಿಸುವಾಗ, ಮುಚ್ಚಳ ಬಿಚ್ಚಲು ಬಾರದಂಥ ಬ್ಯಾಟರಿ ಎಲ್ಲಾದರೂ ಸಿಗುತ್ತದೆಯೇ ಎಂದು ವಿಚಾರಿಸಿ.

ನಿಮ್ಮ ಮುದ್ದಿನ
ರುದ್ರಾಣಿ