ಬೇವು ಕಟ್ಟಿದ ಬಾಗಿಲು

೧೪ ಮಾರ್ಚ್, ಶುಕ್ರವಾರ

ನನ್ನ ಎದೆ, ಬೆನ್ನು ಗೆದ್ದು ದರ್ಬಾರು ನಡೆಸಿರುವ ಕೆಂಪು ದದ್ದುಗಳ ಮಹಾಪ್ರಭುಗಳೇ, ಸಾಷ್ಟಾಂಗ ನಮಸ್ಕಾರ!

ಮೂರು ದಿನದಿಂದ ಈ ಖೋಲಿಯೊಳಗೆ ಯಾರೂ ಕಾಲಿಟ್ಟಿಲ್ಲ. ಮನೆಯೊಡತಿ ಸುಮಿತ್ರವ್ವ, "ಅಮ್ಮ ಬಂದಾಳ" ಎಂದು ಬಾಗಿಲಿಗೆ ಬೇವು ಕಟ್ಟಿ, ಮೊಸರನ್ನವನ್ನು ಹೊಸ್ತಿಲಾಚೆಗೇ ಇಟ್ಟು ಹೋಗುತ್ತಾಳೆ. ಗೆಳೆಯ ಲೋಹಿತ ಓಣಿಯಿಂದಲೇ ಕೂಗಿದ: "ತಾಯಿ, ಅಲ್ಲಿಂದನ ಆಶೀರ್ವಾದ ಮಾಡವಾ, ನಾ ಒಳಗ ಬರಂಗಿಲ್ಲ!"

ಇಂದು ನಾನೇ ದವಾಖಾನೆಗೆ ಹೋದೆ. ಬೆಟಗೇರಿಯ ಡಾಕ್ಟರು ಬೆನ್ನು ನೋಡಿ, "ಜ್ವರಕ್ಕ ಏನ್ ತಗೊಂಡಿದ್ದಿ, ತಮ್ಮಾ?" ಎಂದರು.

"ಲೋಹಿತನ ಮನ್ಯಾಗ ಉಳಿದಿದ್ದ ಗುಳಿಗಿರಿ."

"ಅದನ್ನ ನುಂಗಿದ ಮ್ಯಾಲ ದದ್ದು ಎದ್ದಾವ. ನೀರುಗುಳ್ಳಿ ಒಂದೂ ಇಲ್ಲ. ಇದು ಅಮ್ಮ ಅಲ್ಲ, ಆ ಗುಳಿಗಿ ನಿನಗ ಒಗ್ಗಿಲ್ಲ. ಬಿಟ್ಟುಬಿಡು. ಯಾರಿಗೂ ಹತ್ತೂದಿಲ್ಲ."

ಈ ಶುಭವಾರ್ತೆಯನ್ನು ನಾನಿನ್ನೂ ಯಾರಿಗೂ ಹೇಳಿಲ್ಲ. ಹೇಳಿದ ಮೇಲೂ ಯಾರೂ ಬರದಿದ್ದರೆ ಎಂಬ ಹೆದರಿಕೆ, ಅಷ್ಟೇ.